ಎರಡನೇ ನಂಬರಿನ ಕಾರ್ಡು

ರಿಪೇರಿಯವನನ್ನು ಓಣಿಯ ಜನ ಜೋಡಿ ಮೇಷ್ಟ್ರು ಎಂದು ಕರೆಯುತ್ತಿದ್ದರು. ಮೇಷ್ಟ್ರ ಕೆಲಸವನ್ನು ಅವನು ಒಂದು ದಿನವೂ ಮಾಡಿದವನಲ್ಲ, ಮದುವೆಯಂತೂ ಆಗಿರಲೇ ಇಲ್ಲ. ಆದರೆ ಹಳೆಯ ಕಂಪ್ಯೂಟರ್ ಹೊತ್ತು ಯಾರೇ ಬಂದರೂ ಮೊದಲು ಪಾಠ, ಆಮೇಲೆ ಸ್ಕ್ರೂಡ್ರೈವರ್.

"ನೋಡಿ, ಹಾರ್ಡ್ ಡ್ರೈವೂ ಅದನ್ನ ನಡೆಸೋ ಕಾರ್ಡೂ ಗಂಡ ಹೆಂಡ್ತಿ ಇದ್ದ ಹಾಗೆ. ಬೇರೆ ಕಾರ್ಡ್ ಸಿಕ್ಕಿಸಿದ್ರೂ ಸಲೀಸಾಗಿ ಕೂರುತ್ತೆ, ವೈರೂ ಸರಿಯಾಗಿ ಹಿಡಿಯುತ್ತೆ. ಆದ್ರೆ ಒಂದು ಕಾರ್ಡ್ ಬರೆಸಿದ್ದು ಇನ್ನೊಂದಕ್ಕೆ ಓದೋಕೆ ಬರಲ್ಲ. ಜೋಡಿ ಕೆಡಿಸಬಾರದು."

"ಊರವರ ಜೋಡಿಯೆಲ್ಲ ಕಾಯ್ತೀಯ, ನಿಂದೊಂದು ಜೋಡಿ ಯಾವಾಗಪ್ಪಾ?" ಎಂದು ಎದುರಂಗಡಿಯ ಟೈಲರ್ ಕತ್ತರಿ ನಿಲ್ಲಿಸಿ ಕೇಳುತ್ತಿದ್ದ. ಇವನು ನಕ್ಕು ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುತ್ತಿದ್ದ.

ಮಹಡಿ ಮೆಟ್ಟಿಲಿನ ಕೆಳಗಿನ ಕೋಣೆಯೇ ಅವನ ಅಂಗಡಿ. ಆರಡಿಗಿಂತ ಎತ್ತರದವರು ಒಳಗೆ ಬಗ್ಗಿಯೇ ನಿಲ್ಲಬೇಕು. ಗೋಡೆಯ ಹಲಗೆಗಳ ತುಂಬ ಕಾರ್ಡುಗಳು; ಪ್ರತಿ ಕಾರ್ಡಿನ ಮೂಲೆಯಲ್ಲಿ ಕೆಂಪು ಪೇಂಟಿನ ಒಂದು ನಂಬರು, ಅದರ ಡ್ರೈವಿನ ಮೇಲೂ ಅದೇ ನಂಬರು. ಇದು ಅವನ ಮೊದಲ ನಿಯಮ. ಎರಡನೆಯದು, ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಪೆಟ್ಟಿಗೆ ಬಿಚ್ಚುವುದು. ಹದಿನೆಂಟು ವರ್ಷ ಈ ಎರಡನ್ನೂ ಅವನು ಮುರಿದಿರಲಿಲ್ಲ. ಲೋಕವೆಲ್ಲ ಹೊಸ ಯಂತ್ರಗಳ ಕಡೆ ಓಡಿದ ಮೇಲೂ ಹಳೆಯದನ್ನೇ ನೆಚ್ಚಿಕೊಂಡ ಆಫೀಸುಗಳು ಒಂದಷ್ಟು ಉಳಿದಿದ್ದವು, ಅವನ ಊಟಕ್ಕೆ ಅಷ್ಟು ಸಾಕಾಗಿತ್ತು.

ಊರಾಚೆಯ ಕಲ್ಲುಪುಡಿ ಕಾರ್ಖಾನೆ ಅವನ ಕಾಯಂ ಗಿರಾಕಿ. ಬಣ್ಣಕ್ಕೆ, ಸೋಪಿಗೆ ಬೆರೆಸುವ ಬಿಳಿ ಪುಡಿ ಅಲ್ಲಿ ತಯಾರಾಗುತ್ತಿತ್ತು. ಬಾಗಿಲು ಮುಚ್ಚಿದರೂ ಆ ಪುಡಿ ಒಳಗೆ ಬರುತ್ತಿತ್ತು. ಗಂಡಸರ ರೆಪ್ಪೆಯ ಮೇಲೆ, ಚಹಾ ಲೋಟದ ತಳದಲ್ಲಿ, ಕಂಪ್ಯೂಟರಿನ ಹೊಟ್ಟೆಯೊಳಗೆ, ಎಲ್ಲೆಲ್ಲೂ ಅದೇ. ಮೂರು ತಿಂಗಳಿಗೊಮ್ಮೆ ಹೋಗಿ ಬ್ರಷ್ಷು, ಬ್ಲೋವರು ಹಿಡಿದು ಅಲ್ಲಿನ ಎರಡು ಯಂತ್ರಗಳನ್ನು ಶುಚಿ ಮಾಡಿ ಬರುವುದು ಅವನ ಕೆಲಸ. ಒಂದು ಸ್ಟೋರಿನದು, ಅದರಲ್ಲಿ ಮೂಟೆಗಳ ಲೆಕ್ಕ. ಇನ್ನೊಂದು ದವಾಖಾನೆ ಕೋಣೆಯದು, ಅದರಲ್ಲಿ ಉಸಿರಿನ ಲೆಕ್ಕ.

ಉಸಿರಿನ ಲೆಕ್ಕ ನರ್ಸಮ್ಮನದು. ಐವತ್ತು ದಾಟಿದ ಹೆಂಗಸು, ದಪ್ಪ ಕನ್ನಡಕ, ಎರಡೇ ಬೆರಳಿನ ಟೈಪಿಂಗು. ವಾರಕ್ಕೆ ಎರಡು ದಿನ ಬಂದು, ಒಬ್ಬೊಬ್ಬ ಕೆಲಸಗಾರನಿಂದಲೂ ಕೊಳವೆ ಊದಿಸಿ, ಯಾರ ಎದೆ ಎಷ್ಟು ಗಾಳಿ ತಳ್ಳಿತು ಎಂದು ಹನ್ನೊಂದು ವರ್ಷದಿಂದ ಬರೆದಿಡುತ್ತಿದ್ದಳು. ವರ್ಷ ಕಳೆದ ಹಾಗೆ ಆ ಅಂಕಿಗಳು ಇಳಿಯುತ್ತಲೇ ಇದ್ದವು. ಪುಡಿಯೇ ಈ ಗಂಡಸರ ಎದೆ ತಿನ್ನುತ್ತಿದೆ ಎನ್ನುವುದಕ್ಕೆ ಇದ್ದ ಸಾಕ್ಷಿ ಅದೊಂದೇ. ಕೆಲಸಗಾರರು ಪರಿಹಾರ ಮಂಡಳಿಗೆ ಅರ್ಜಿ ಹಾಕಿದ್ದು ಆ ಅಂಕಿಗಳ ಬಲದ ಮೇಲೆ. ಅರ್ಜಿ ಹಾಕಿದವರಲ್ಲಿ ರಿಪೇರಿಯವನ ತಂಗಿಯ ಗಂಡನೂ ಒಬ್ಬ.

ಆ ಸಲ ಶುಚಿ ಮಾಡಲು ಹೋದ ದಿನ ಮ್ಯಾನೇಜರ್ ಅವಸರ ಮಾಡಿದ. ಮಧ್ಯಾಹ್ನ ಯಾರೋ ದೊಡ್ಡವರು ಬರುತ್ತಾರಂತೆ, ಎರಡೂ ಯಂತ್ರ ಊಟದ ಹೊತ್ತಿಗೆ ಸಿದ್ಧವಾಗಬೇಕಂತೆ. ರಿಪೇರಿಯವನು ಗೊಣಗುತ್ತಲೇ ದವಾಖಾನೆಯ ಮೇಜಿನ ಮೇಲೆ ಎರಡು ಪೆಟ್ಟಿಗೆಗಳನ್ನೂ ಬಿಚ್ಚಿದ. ಕಾರ್ಡುಗಳನ್ನು ಹೊರಗೆಳೆದು ಪಕ್ಕಕ್ಕಿಟ್ಟ. ಅಷ್ಟರಲ್ಲಿ ಬಟ್ಟೆಯ ಪರದೆಯ ಆಚೆ ಕೊಳವೆಗೆ ಊದುತ್ತಿದ್ದವನೊಬ್ಬ ಕೆಮ್ಮತೊಡಗಿದ. ಕೆಮ್ಮು ನಿಲ್ಲಲೇ ಇಲ್ಲ. ಹೋಗಿ ನೋಡಿದರೆ ತಂಗಿಯ ಗಂಡ. ತುಟಿ ನೀಲಿಯಾಗಿತ್ತು. ನರ್ಸಮ್ಮ ಒಂದು ಕಡೆ, ಇವನೊಂದು ಕಡೆ ಹಿಡಿದು ಕೂರಿಸಿದರು, ನೀರು ಕುಡಿಸಿದರು, ಬೆನ್ನು ನೀವಿದರು. ಅರ್ಧ ಗಂಟೆಯ ಮೇಲೆ ಅವನ ಉಸಿರು ಹಾದಿಗೆ ಬಂತು.

ವಾಪಸು ಬಂದಾಗ ಊಟದ ಹೊತ್ತು ಹತ್ತಿರವಾಗಿತ್ತು. ಕಾರ್ಡುಗಳ ಮೇಲಿನ ಪುಡಿ ಒರೆಸುವ ಮೊದಲೇ, ಕೈಗೆ ಸಿಕ್ಕಿದ್ದನ್ನು ತೆಗೆದು ನರ್ಸಮ್ಮನ ಯಂತ್ರಕ್ಕೆ ಸಿಕ್ಕಿಸಿ ಸ್ವಿಚ್ ಹಾಕಿದ. ಡ್ರೈವ್ ತಿರುಗಿತು, ಆದರೆ ಪರದೆಯ ಮೇಲೆ ಏನೂ ಬರಲಿಲ್ಲ. ವೈರ್ ತೆಗೆದು ಮತ್ತೆ ಸಿಕ್ಕಿಸಿದ. ಇಲ್ಲ. ಇಂಥ ಮುದಿ ಡ್ರೈವುಗಳು ತಮ್ಮ ಮೇಲಿನ ಗುರುತುಗಳನ್ನೇ ಮರೆತುಬಿಡುವುದು ಅವನು ದಿನಾ ಕಾಣುವ ರೋಗ. ಮದ್ದು ಒಂದೇ, ಬುಡದಿಂದ ಫಾರ್ಮ್ಯಾಟ್ ಮಾಡುವುದು. ಡ್ರೈವ್ ಬದುಕುತ್ತದೆ, ಒಳಗಿದ್ದುದು ಹೋಗುತ್ತದೆ.

"ನರ್ಸಮ್ಮ, ಡ್ರೈವ್ ಸತ್ತಿದೆ. ಒಳಗಿದ್ದದ್ದಕ್ಕೆ ಬೇರೆ ಕಾಪಿ ಇದೆಯಾ?"

"ಇದೆಯಲ್ಲ, ತಿಂಗಳು ತಿಂಗಳು ಫ್ಲಾಪಿಗೆ ಹಾಕಿಡ್ತೀನಿ. ಡ್ರಾಯರ್ ತುಂಬ ಇದೆ. ಮಾಡಿ."

ಆ ಫ್ಲಾಪಿಗಳಲ್ಲಿ ಒಂದನ್ನಾದರೂ ಓದಿ ನೋಡಬೇಕಿತ್ತು. ನೋಡಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಹನ್ನೊಂದು ವರ್ಷದ ಉಸಿರು ಅಳಿಸಲು ಮುಕ್ಕಾಲು ಗಂಟೆ ಹಿಡಿಯಿತು, ಅಷ್ಟೂ ಹೊತ್ತು ಅವನು ಪಕ್ಕದಲ್ಲೇ ನಿಂತು ಪರದೆಯ ಮೇಲೆ ಏರುವ ಅಂಕಿ ನೋಡುತ್ತಿದ್ದ.

ಆಮೇಲೆ ಸ್ಟೋರಿನ ಯಂತ್ರ. ಅದೂ ಹಾಗೇ, ಡ್ರೈವ್ ತಿರುಗುತ್ತದೆ, ಪರದೆ ಖಾಲಿ. ಒಂದೇ ದಿನ ಎರಡು ಡ್ರೈವ್ ಸಾಯುವುದುಂಟೇ? ಅವನು ಬಗ್ಗಿ ಕಾರ್ಡಿನ ಮೂಲೆಯನ್ನು ಬೆರಳಿನಿಂದ ಉಜ್ಜಿದ. ಬಿಳಿ ಪುಡಿಯ ಕೆಳಗಿನಿಂದ ಕೆಂಪು ಪೇಂಟಿನ ಒಂದನೇ ನಂಬರು ಎದ್ದಿತು. ಸ್ಟೋರಿನ ಡ್ರೈವಿನ ಮೇಲೆ ಎರಡು. ನರ್ಸಮ್ಮನ ಡ್ರೈವ್ ಒಂದನೇ ನಂಬರು. ಅದಕ್ಕೆ ಅವನು ಸಿಕ್ಕಿಸಿದ್ದು ಎರಡನೇ ನಂಬರಿನ ಕಾರ್ಡು. ಡ್ರೈವಿಗೆ ಯಾವ ರೋಗವೂ ಇರಲಿಲ್ಲ, ಗಟ್ಟಿಮುಟ್ಟಾಗಿಯೇ ಇತ್ತು. ಕೊಂದವನು ಇವನು, ತಾನೇ ಊರಿಗೆಲ್ಲ ಹೇಳುತ್ತಿದ್ದ ಪಾಠವನ್ನು ಮರೆತು.

ಅವನು ಯಾರಿಗೂ ಹೇಳದೆ ಕಾರ್ಡುಗಳನ್ನು ಅದಲುಬದಲು ಮಾಡಿದ. ಸ್ಟೋರಿನ ಯಂತ್ರ ಕಣ್ಣು ಬಿಟ್ಟಿತು, ಮೂಟೆಗಳ ಲೆಕ್ಕದಲ್ಲಿ ಒಂದಕ್ಷರವೂ ಹೋಗಿರಲಿಲ್ಲ. ನರ್ಸಮ್ಮನ ಫ್ಲಾಪಿಗಳನ್ನು ಒಂದೊಂದಾಗಿ ಹಾಕಿದಾಗ ಕರಕರ ಸದ್ದು ಬಂತು, ಅಷ್ಟೇ. ಆ ಪುಡಿ ಅವನ್ನೂ ಗೀರಿ ಹಾಕಿತ್ತು. ಕೊನೆಯ ಎರಡು ತಿಂಗಳ ಒಂದಿಷ್ಟು ಹೆಸರುಗಳು ಸಿಕ್ಕವು. ನರ್ಸಮ್ಮ ಕನ್ನಡಕ ತೆಗೆದು ಸೀರೆಯ ಸೆರಗಿನಿಂದ ಒರೆಸುತ್ತಾ ಕೂತಳು, ಒರೆಸಿದ್ದನ್ನೇ ಒರೆಸುತ್ತಾ.

ಸುದ್ದಿಗೆ ಕಾಲು ಬಂತು. ಮಂಡಳಿಯವರು ದಾಖಲೆ ಕೇಳುವ ಹೊತ್ತಿಗೆ ಸರಿಯಾಗಿ ದಾಖಲೆ ಇಲ್ಲ ಎಂದರೆ ಯಾರು ನಂಬುತ್ತಾರೆ? ನರ್ಸಮ್ಮ ಕಂಪನಿಗೆ ಮಾರಿಹೋದಳು ಎಂದರು. ಅವಳ ಮನೆ ಬಾಗಿಲಿಗೆ ಯಾರೋ ಒಂದು ಚೀಲ ಬಿಳಿ ಪುಡಿ ಸುರಿದು ಹೋದರು. "ನನ್ನ ಗಂಡನ ಉಸಿರು ತಿಂದವಳು, ಅವಳ ವಂಶ ಹಾಳಾಗ" ಎಂದು ರಿಪೇರಿಯವನ ತಂಗಿ ನಲ್ಲಿಯ ಹತ್ತಿರ ನಿಂತು ಶಾಪ ಹಾಕಿದಳು. ಅದನ್ನು ಅವನು ತನ್ನ ಕಿವಿಯಾರೆ ಕೇಳಿದ.

ನಾಲ್ಕು ವಾರ ನುಂಗಿಕೊಂಡಿದ್ದ. ಮಂಡಳಿಯಿಂದ ಸಾಕ್ಷಿ ಹೇಳಲು ಕರೆ ಬಂದ ದಿನ ತಂಗಿಯ ಮನೆಗೆ ಹೋದ. ಅವಳ ಗಂಡ ಒಳಕೋಣೆಯಲ್ಲಿ ಮೂರು ದಿಂಬು ಒರಗಿಸಿಕೊಂಡು ಕೂತೇ ನಿದ್ದೆ ಮಾಡುತ್ತಿದ್ದ, ಮಲಗಿದರೆ ಉಸಿರು ಕಟ್ಟುತ್ತಿತ್ತು. ಅಡುಗೆಮನೆಯಲ್ಲಿ ತಂಗಿಯ ಎದುರು ನಿಂತು ಇವನು ಎಲ್ಲ ಹೇಳಿದ, ಕಾರ್ಡು, ನಂಬರು, ಪುಡಿ, ಎಲ್ಲ. "ತಪ್ಪು ನಂದು ಕಣೆ. ನರ್ಸಮ್ಮಂದು ಏನೂ ಇಲ್ಲ. ನಾಳೆ ಅಲ್ಲಿ ಹೇಳಿಬಿಡ್ತೀನಿ."

ತಂಗಿ ಒಲೆ ಆರಿಸಿದಳು. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡಿದ್ದ. ಅವಳು ದನಿ ಎತ್ತಲಿಲ್ಲ.

"ಅಣ್ಣ, ನಮ್ಮ ವಕೀಲರು ಏನಂದ್ರು ಗೊತ್ತಾ? ಕಂಪನಿ ಕಡೆಯವರೇ ಬೇಕು ಅಂತ ಅಳಿಸಿದ್ದಾರೆ ಅಂತಾದ್ರೆ ಮಂಡಳಿಯವರು ನಮ್ಮ ಮಾತನ್ನೇ ನಂಬ್ತಾರಂತೆ. ಆಕಸ್ಮಿಕವಾಗಿ ಹೋಯ್ತು ಅಂದ್ರೆ ನಮಗೇನೂ ಇಲ್ಲ. ಹೊರಗಿನವನು ಕೈತಪ್ಪಿ ಅಳಿಸಿದ ಅಂದ್ರೂ ಏನೂ ಇಲ್ಲ. ಔಷಧಿ ಇಲ್ಲ, ಆಕ್ಸಿಜನ್ ಇಲ್ಲ. ಅರ್ಜಿ ಹಾಕಿರೋದು ಅರವತ್ತು ಮನೆ, ಅಣ್ಣ."

"ಮತ್ತೆ ನರ್ಸಮ್ಮ?"

"ಅವಳಿಗೆ ಉಸಿರಾಡೋಕೆ ಬರುತ್ತೆ," ಎಂದಳು ತಂಗಿ. ಆಮೇಲೆ ಮುಖ ಮುಚ್ಚಿಕೊಂಡು ಅತ್ತಳು.

ಅತ್ತ ದರಿ, ಇತ್ತ ಪುಲಿ. ನಿಜ ಹೇಳಿದರೆ ಒಬ್ಬಳು ಉಳಿಯುತ್ತಾಳೆ, ಅರವತ್ತು ಮನೆ ಮುಳುಗುತ್ತದೆ. ಇದರಲ್ಲಿ ಸರಿ ಯಾವುದು ಎಂದು ನ್ಯಾಯ ಹೇಳುವವರು ಅವನ ಜಾಗದಲ್ಲಿ ಒಂದು ಗಳಿಗೆ ನಿಂತು ನೋಡಲಿ.

ಮಂಡಳಿಯ ಕೋಣೆಯಲ್ಲಿ ಫ್ಯಾನ್ ತಿರುಗುತ್ತಿತ್ತು. ಹಿಂದಿನ ಬೆಂಚುಗಳ ತುಂಬ ಕೆಮ್ಮು. ಮುಂದಿನ ಸಾಲಿನಲ್ಲಿ ನರ್ಸಮ್ಮ ಒಬ್ಬಳೇ, ಅವಳ ಪಕ್ಕ ಯಾರೂ ಕೂತಿರಲಿಲ್ಲ. ಇವನು ಒಳಗೆ ಬಂದದ್ದು ಕಂಡು ಅವಳ ಮುಖ ಅರಳಿತು. ಡ್ರೈವ್ ತಾನಾಗಿ ಸತ್ತಿತು ಎಂದು ಹೇಳಬಲ್ಲವನು ಲೋಕದಲ್ಲಿ ಇವನೊಬ್ಬನೇ.

"ನೀವು ನೋಡಿದಾಗ ಡ್ರೈವ್ ಕೆಟ್ಟಿತ್ತೇನ್ರಿ?" ಎಂದು ಕಂಪನಿಯ ವಕೀಲ ಕೇಳಿದ.

"ಇಲ್ಲ ಸಾರ್. ಡ್ರೈವ್ ಚೆನ್ನಾಗೇ ಇತ್ತು." ಅಷ್ಟು ಮಾತು ನಿಜ. ಮುಂದಿನದು ಸುಳ್ಳು. "ನಾನು ಫಾರ್ಮ್ಯಾಟ್ ಮಾಡೋ ಮೊದಲೇ ಒಳಗೆ ಏನೂ ಇರಲಿಲ್ಲ. ಅಳಿಸಿಬಿಟ್ಟಿದ್ರು."

"ಆ ಯಂತ್ರ ಮುಟ್ಟುತ್ತಿದ್ದದ್ದು ಯಾರು?" ಎಂದು ಮಂಡಳಿಯವರು ಕೇಳಿದರು.

"ನರ್ಸಮ್ಮ ಒಬ್ರೇ."

ಹಿಂದಿನ ಬೆಂಚುಗಳಲ್ಲಿ ಗದ್ದಲ ಎದ್ದಿತು. ಯಾರೋ ಚಪ್ಪಾಳೆ ತಟ್ಟಿದರು. ಅವನು ಮುಂದಿನ ಸಾಲಿನ ಕಡೆ ನೋಡಲಿಲ್ಲ.

ಹೊರಗೆ ಕಾರಿಡಾರಿನಲ್ಲಿ ಅವಳು ಕಾದಿದ್ದಳು. ತಪ್ಪಿಸಿಕೊಂಡು ಹೋಗಲು ಬೇರೆ ದಾರಿ ಇರಲಿಲ್ಲ. ಉಗುಳಿದರೂ ಒರೆಸಿಕೊಂಡು ನಿಲ್ಲುವುದೆಂದು ಗಟ್ಟಿ ಮಾಡಿಕೊಂಡು ಹೋದ. ಆದರೆ ನರ್ಸಮ್ಮ ಎರಡೂ ಕೈ ಜೋಡಿಸಿದಳು.

"ನೀವು ಬರೋ ಮೊದಲಿನ ಸೋಮವಾರ ನಾನೇ ಕೊನೇದಾಗಿ ಆಫ್ ಮಾಡಿದ್ದೆ. ಕನ್ನಡಕ ಮನೇಲಿ ಮರೆತು ಬಂದಿದ್ದೆ. ಏನೋ ಕೇಳಿತು ಅದು, ನಾನು ಓದದೇ ಎಸ್ ಅಂತ ಒತ್ತಿಬಿಟ್ಟೆ. ಅವತ್ತೇ ಅಲ್ವಾ ಹೋಗಿದ್ದು?" ಅವಳು ಒಂದು ಹೆಜ್ಜೆ ಹತ್ತಿರ ಬಂದಳು. "ನಾನು ನೊಂದ್ಕೋತೀನಿ ಅಂತ ತಾನೇ ನೀವು ಆಗ ಡ್ರೈವ್ ಸತ್ತಿದೆ ಅಂದಿದ್ದು? ನಿಮ್ಮ ಉಪಕಾರ ಮರೆಯೋಲ್ಲ. ಇಷ್ಟು ಜನರ ಬಾಳು ಕೆಡಿಸಿದೆ, ನಾನು ಪಾಪಿ. ಹೇಳಿ ಸ್ವಾಮಿ, ನಾನು ಒತ್ತಿದ್ದು ಅದನ್ನೇ ಅಲ್ವಾ?"

ಹಿಂದಿನಿಂದ ಕೆಲಸಗಾರರು ಹೊರಗೆ ಬರುತ್ತಿದ್ದರು. ಅವರ ನಡುವೆ ತಂಗಿ, ಗಂಡನ ತೋಳು ಹಿಡಿದುಕೊಂಡು, ಇವನನ್ನೇ ನೋಡುತ್ತಿದ್ದಳು.

"ಹೌದಮ್ಮ," ಎಂದ ರಿಪೇರಿಯವನು. "ಅದನ್ನೇ."