ಸಂಜೆ ಜ್ವರದ ಕೆಂಪು ಕಾರು

ಗಂಡಂದಿರು ಪಕ್ಕದಲ್ಲೇ ಕುಳಿತ ಜೀವಂತ ಹೆಂಡತಿಗಿಂತ ಡ್ಯಾಶ್‌ಬೋರ್ಡಿನ ಮುಳ್ಳನ್ನು ಹೆಚ್ಚು ನಂಬುತ್ತಾರೆ ಎಂಬುದನ್ನು ನೀವೂ ಗಮನಿಸಿರಬಹುದು. ನಾನು ಬಲಕ್ಕೆ ತಿರುಗಬೇಕೆಂದರೆ ದಾರಿಹೋಕರ ಸಾಕ್ಷ್ಯ ಕೇಳುವ ನಮ್ಮವರು, ಆ ಮುಳ್ಳು ತುಸು ಮೇಲೇರಿದರೆ ಸಾಕು, ಮರುಮಾತಿಲ್ಲದೆ ಗಾಡಿ ನಿಲ್ಲಿಸಿಬಿಡುತ್ತಾರೆ.

ನಮ್ಮವರು ಸೇಡಂನಲ್ಲಿ ದಂತವೈದ್ಯರು. ನಾನು ಅಲ್ಲಿಯೇ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವಳು. ಐವತ್ತು ಸಮೀಪಿಸಿದಾಗ ಕೆಲವರಿಗೆ ಅಧ್ಯಾತ್ಮದತ್ತ ಒಲವು ಮೂಡುತ್ತದಂತೆ; ಇವರಿಗೆ ಎರಡೇ ಆಸನಗಳ ಕೆಂಪು ಸ್ಪೋರ್ಟ್ಸ್ ಕಾರಿನತ್ತ ಮೂಡಿತು. ಹೈದರಾಬಾದಿನಲ್ಲಿ ಯಾರೋ ಓಡಿಸಿ ದಣಿದು ಬಿಟ್ಟ ಆ ವಾಹನ ನೆಲಕ್ಕೆ ಎಷ್ಟು ಸಮೀಪವೆಂದರೆ, ಅದರೊಳಗೆ ಕುಳಿತ ನನಗೆ ಎದುರು ಬರುವ ಎಮ್ಮೆಯ ಮೊಣಕಾಲು ಕಾಣುತ್ತದೆಯೇ ಹೊರತು ಮುಖದ ದರ್ಶನವಾಗುವುದಿಲ್ಲ. ಇಳಿಯುವುದೆಂದರೆ ಬಾವಿಯಿಂದ ಮೇಲೆ ಬಂದಂತೆ.

ಅದಕ್ಕೊಂದು ವಿಚಿತ್ರ ವ್ಯಾಧಿಯಿತ್ತು. ಹಗಲೆಲ್ಲ ಎಂಜಿನ್ನಿನ ಶಾಖ ತೋರಿಸುವ ಮುಳ್ಳು ಸಜ್ಜನನಂತೆ ನಡುವೆ ನಿಂತಿರುತ್ತಿತ್ತು. ಸಂಜೆಯಾದೊಡನೆ ಸರಕ್ಕನೆ ಕೆಂಪುಗೆರೆಗೆ ಏರುತ್ತಿತ್ತು. ನಮ್ಮತ್ತೆ ದೃಷ್ಟಿಯಾಗಿದೆಯೆಂದು ಉಪ್ಪು, ಮೆಣಸಿನಕಾಯಿ ಇಳಿತೆಗೆದರು. ಶಹಾಬಾದಿನ ಮೆಕ್ಯಾನಿಕ್ ಖಾಜಾಭಾಯಿ ರೇಡಿಯೇಟರ್ ತೊಳೆದು, ಥರ್ಮೋಸ್ಟ್ಯಾಟ್ ಬದಲಿಸಿ, "ಡಾಕ್ಟರ್ ಸಾಬ್, ಇನ್ನ ಇದು ಗರಂ ಆಯ್ತಂದ್ರ ನನ್ನ ಹೆಸರೇ ಬದಲ ಮಾಡ್ರಿ" ಎಂದು ಎದೆ ತಟ್ಟಿಕೊಂಡರು. ಅಂದು ಸಂಜೆಯೇ ಮತ್ತೆ ಜ್ವರ ಬಂತು. ಅವರ ನಾಮಕರಣದ ಗೊಡವೆಗೆ ನಾವು ಹೋಗಲಿಲ್ಲ.

ಹೀಗಿರುವಾಗ ಚಿಂಚೋಳಿಯಲ್ಲಿ ನಮ್ಮವರ ಅಕ್ಕನ ಮಗಳು ಅಂಬಿಕಾಳ ನಿಶ್ಚಿತಾರ್ಥ ಬಂತು. ಸೋದರಮಾವ ಸೀರೆ ಹಿಡಿದು ಬಾರದೆ ಶಾಸ್ತ್ರ ಸಾಗದು. ಹೊರಡುವ ಮೊದಲು ಅಂಬಿಕಾ ನನಗೆ ಫೋನು ಮಾಡಿದಳು.

"ಅತ್ತಿ, ಹುಡುಗ ಮಾತೇ ಆಡಂಗಿಲ್ಲ. ಹೂಂ ಅನ್ಲಿಕ್ಕೂ ಅವರಪ್ಪನ ಮಾರಿ ನೋಡ್ತಾನ. ಇವತ್ತರ ನನ್ನ ಜೋಡಿ ನಾಕ್ ಮಾತಾಡ್ಲಿಲ್ಲಂದ್ರ, ನಾ ಎಲ್ಲಾರ ಮುಂದ ಒಲ್ಲೆ ಅಂತೀನಿ ನೋಡ್ರಿ."

ಅವಳು ಹೇಳಿದಂತೆ ಮಾಡುವವಳು. ಆ ಆತಂಕವನ್ನೂ ಸೀರೆಯ ಪೆಟ್ಟಿಗೆಯನ್ನೂ ಮಡಿಲಲ್ಲಿಟ್ಟುಕೊಂಡು ಕಾರಿನೊಳಗೆ ಇಳಿದೆ.

ಸುಲೇಪೇಟ ತಲುಪುವಷ್ಟರಲ್ಲಿ ಹೊತ್ತು ಮುಳುಗಿತು. ಇವರು ಹೆಡ್‌ಲೈಟ್ ಹಾಕಿದರು. ಮುಳ್ಳು ಕೆಂಪುಗೆರೆ ಮುಟ್ಟಿತು. ಕಾರು ಚಹಾದಂಗಡಿಯ ಎದುರು ನಿಂತಿತು. ಇವರು ಎಂಜಿನ್ ಆರಿಸದೆ ಇಳಿದು, ಬಾನೆಟ್ ತೆರೆದು, "ಜರಾ ದೊಡ್ಡದಾಗಿ ಬಾಯಿ ತೆಗಿ" ಎನ್ನುವ ಮುದ್ರೆಯಲ್ಲಿ ಒಳಗೆ ಇಣುಕತೊಡಗಿದರು. ಸುತ್ತ ಜನ ಸೇರಿದರು. ಜನ ಸೇರಿದ ಮೇಲೆ ಸಲಹೆಗಳಿಗೇನು ಬರ? ಅತ್ತ ಅಕ್ಕನವರ ಫೋನು ಬಡಿದುಕೊಳ್ಳುತ್ತಲೇ ಇತ್ತು.

ಆಗ ಎತ್ತಿನ ಗಾಡಿಯವನೊಬ್ಬ ನನ್ನ ಕಿಟಕಿಗೆ ಬಾಗಿ, "ಅಕ್ಕೋರೇ, ಲೈಟ್ ಬಂದ್ ಮಾಡ್ರಿ, ಎತ್ತು ಬೆದರಾಕತ್ತಾವ" ಎಂದ. ಆರಿಸಿದೆ. ಮುಳ್ಳು ಮೆತ್ತಗೆ ಕೆಳಗಿಳಿಯಿತು. ಎತ್ತುಗಳು ದಾಟಿದ ಮೇಲೆ ಮತ್ತೆ ಹಾಕಿದೆ. ಏರಿತು. ಆರಿಸಿದೆ. ಇಳಿಯಿತು. ಬೆರಳ ತುದಿಯಲ್ಲಿ ಜ್ವರ ಬರಿಸಿ ಬಿಡಿಸುವ ಈ ಸಿದ್ಧಿಯನ್ನು ಕೂಡಲೇ ಬಹಿರಂಗಪಡಿಸದೆ ಸ್ವಲ್ಪ ಹೊತ್ತು ಒಬ್ಬಳೇ ಆಡಿಕೊಂಡೆ ಎಂದರೆ ನೀವು ಕ್ಷಮಿಸಬೇಕು.

ಅಷ್ಟರಲ್ಲಿ ಇವರು ಒಂದು ಬಾಟಲಿ ನೀರು ಸುರಿದು ಬಂದು ಮುಳ್ಳು ನೋಡಿ, "ಇಳೀತು ನೋಡು. ನೀರಿಂದೇ ಕಮಾಲ್" ಎಂದು ಹಿಗ್ಗಿದರು. ನಾನು ಲೈಟು ಹಾಕಿ, ಆರಿಸಿ, ಹಾಕಿ ತೋರಿಸಿದೆ. ಅವರ ಮುಖದಲ್ಲಿ ಹಿಗ್ಗು ಹೋಗಿ ವೈದ್ಯ ಬಂದ.

"ಹಂಗಾರ ನೋವು ಒಂದ್ ಕಡೆ, ಹುಳುಕು ಒಂದ್ ಕಡೆ. ಮ್ಯಾಲಿನ ಹಲ್ಲು ನೋಯ್ತದಂತ ಬರ್ತಾರ, ಕೆಟ್ಟಿದ್ದು ಕೆಳಗಿಂದು ಇರ್ತದ. ಎಂಜಿನ್ ಬಿಸೀನೇ ಆಗಿಲ್ಲ. ವಯರಿಂಗ್‌ನಾಗ ಏನೋ ಅದ."

"ಅದನ್ನ ಕಾರಿನಾಗ ಕೂತು ಹೇಳ್ರಿ. ನಡೀರಿ ಜಲ್ದಿ" ಎಂದೆ.

ಮುಳ್ಳಿನ ಮೇಲೆ ನನ್ನ ಕರವಸ್ತ್ರ ಹೊದಿಸಿ, ಲೈಟು ಹಾಕಿಕೊಂಡೇ ಚಿಂಚೋಳಿ ಮುಟ್ಟಿದೆವು. ಬೀಗರೆಲ್ಲ ಜಮಖಾನೆಯ ಮೇಲೆ ಕಾಯುತ್ತ ಕುಳಿತಿದ್ದರು. ಅಕ್ಕನವರು ಬಾಗಿಲಲ್ಲೇ, "ಒಬ್ಬನೇ ಸ್ವಾದರಮಾವ, ಅವನೂ ಇಷ್ಟೊತ್ತಿಗೆ" ಎಂದು ಶುರುಮಾಡಿದರು. ನಮ್ಮವರು ಕ್ಷಮೆ ಕೇಳುವ ನೆಪದಲ್ಲಿ ಇಡೀ ಸಭೆಗೆ ಮುಳ್ಳಿನ ರೋಗಚರಿತ್ರೆಯನ್ನು ವಿಸ್ತಾರವಾಗಿ ನಿವೇದಿಸಿದರು. ಆಗಲೇ ವರ ಶಿವರಾಜ ಮೊದಲ ಬಾರಿಗೆ ತಲೆ ಎತ್ತಿದ. ಆತ ಸಿಮೆಂಟ್ ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರ್. ಆದಿತ್ಯನಗರದ ಕ್ವಾರ್ಟರ್ಸಿನಲ್ಲಿ ವಾಸ.

"ಲೈಟ್ ಹಾಕಿದ್ರಷ್ಟೇ ಏರ್ತದೇನ್ರಿ?" ಎಂದು ಕೇಳಿದವನು ಅಪ್ಪನ ಮುಖ ನೋಡದೆಯೇ ಎದ್ದು ಹೊರನಡೆದ. ಹಿಂದೆಯೇ ಅಂಬಿಕಾ ಎದ್ದಳು. "ನೀ ಎಲ್ಲಿಗೆ?" ಎಂದರು ಅಕ್ಕ. "ಬ್ಯಾಟರಿ ಹಿಡೀಲಿಕ್ಕ" ಎಂದಳು.

ಕಾರು ಎರಡೇ ಜನರದು. ಮೂರನೆಯವರು ಇಣುಕಲೂ ಜಾಗವಿಲ್ಲ. ಇಲಕಲ್ ಸೀರೆಯ ಹುಡುಗಿ ಒಂದು ಆಸನದಲ್ಲಿ ಫೋನಿನ ಬೆಳಕು ಹಿಡಿದು ಕುಳಿತಿದ್ದಳು. ಇನ್ನೊಂದು ಬದಿಯಿಂದ ಹೊಸ ರೇಷ್ಮೆ ಅಂಗಿ ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಮಾಯವಾಗಿ, ಎರಡು ಕಾಲು ಮಾತ್ರ ಅಂಗಳಕ್ಕೆ ಚಾಚಿದ್ದವು. ಆ ಕಾಲುಗಳ ಒಡೆಯ ಎಡೆಬಿಡದೆ ಮಾತಾಡುತ್ತಿದ್ದ. ನಡುನಡುವೆ ಅಂಬಿಕಾಳ ನಗು ಕೇಳುತ್ತಿತ್ತು. ಉಗುರು ಉಜ್ಜುವ ಅರ ಬೇಕೆಂದು ಅವಳು ಒಮ್ಮೆ ಮನೆಯೊಳಗೆ ಓಡಿ ಬಂದು, ಅಷ್ಟೇ ವೇಗದಲ್ಲಿ ಓಡಿ ಹೋದಳು. ಒಳಗೆ ಶಾಸ್ತ್ರ ನಡೆಸಲು ಬಂದಿದ್ದ ಸ್ವಾಮಿಗಳು ಗಡಿಯಾರ ನೋಡಿಕೊಂಡರು. ಹುಡುಗನ ತಂದೆ, "ನಮ್ಮ ಹುಡುಗ ಇಷ್ಟ್ ಮಾತಾಡ್ತಾನಂತ ನನಗೇ ಗೊತ್ತಿರಲಿಲ್ಲ" ಎಂದು ಬೆರಗಾದರು.

ಕಡೆಗೆ ಇಬ್ಬರೂ ಒಳಬಂದರು. ವರನ ಹಣೆಗೆ ಗ್ರೀಸಿನ ಬೊಟ್ಟು. ನಮ್ಮವರು ಓಡಿ ಹೋಗಿ ಲೈಟು ಹಾಕಿ ನೋಡಿದರು, ಮುಳ್ಳು ಕದಲಲಿಲ್ಲ. ಶಾಸ್ತ್ರವೂ ಸಾಂಗವಾಗಿ ನೆರವೇರಿತು.

ಊಟದ ಎಲೆ ಮುಂದೆ ಕುಳಿತಾಗ ಅಂಬಿಕಾಳ ಕಿವಿಯಲ್ಲಿ ಕೇಳಿದೆ: "ಅಷ್ಟೊತ್ತು ಏನು ಮಾತಾಡಿದ್ನೇ?"

"ಅರ್ಥಿಂಗ್ ಬಗ್ಗೆ, ಅತ್ತಿ. ಮೀಟರಿನ ಹಿಂದಿನ ಅರ್ಥ್ ವಯರಿಗೆ ಜಂಗು ಹಿಡಿದಿತ್ತಂತ, ಆ ತುಕ್ಕು ಅರದಿಂದ ಉಜ್ಜಿದ. ಅರ್ಥ್ ಸಡ್ಲಾತಂದ್ರ ಎಲ್ಲಾ ಅನರ್ಥಂತ."

ಇಷ್ಟು ವರ್ಷ ಕನ್ನಡ ಕಲಿಸಿದ ನನಗೆ ಆ ಶ್ಲೇಷೆ ಹೊಳೆದಿರಲಿಲ್ಲ. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ಮತ್ತೆ ಕೇಳಿದೆ: "ಮತ್ತ, ಒಲ್ಲೆ ಅಂತೀನಿ ಅಂದಿದ್ದಿ?"

ಅವಳು ಎಲೆಯಿಂದ ತಲೆ ಎತ್ತಲಿಲ್ಲ. "ಹೆಡ್‌ಲೈಟ್ ಆತು ಅತ್ತಿ, ಇನ್ನ ಇಂಡಿಕೇಟರ್ ವಯರಿಂಗ್ ಹೇಳೋದು ಉಳದದಂತ," ಎಂದಳು.