ಜೇನು ಯಾವ ಕಡೆಯದು?

ಮಲೇರಿಯಾ ಅಲ್ಲದಿದ್ದರೆ ಮತ್ತೇನು? ಮೂರು ವಾರದ ಹಿಂದೆ ಬರೀ ಮಾತ್ರೆ ಕೊಟ್ಟು ಕಳಿಸಿದ್ದು ತಪ್ಪಾಯಿತೇ? ಸೂಕ್ಷ್ಮದರ್ಶಕದ ಕನ್ನಡಿಯನ್ನು ಕಿಟಕಿಯತ್ತ ತಿರುಗಿಸಿ ಡಾ. ಲುಸುಂಗು ಮ್ಜುಮಾರಾ ಬೆಳಕು ಹರಿಯುವುದನ್ನೇ ಕಾಯುತ್ತಿದ್ದಾರೆ. ಕರೆಂಟು ಬಂದಿಲ್ಲ. ಹಿಂದಿನ ಮಂಚದಲ್ಲಿ ಜೇನು ಕೀಳುವ ಚಾವುಲಾ ಕಣ್ಣು ತೆರೆಯದೆ ನರಳುತ್ತಾನೆ.

ಉತ್ತರ ಮಲಾವಿಯ ಈ ಆಸ್ಪತ್ರೆಗೆ ಇಪ್ಪತ್ತು ವರ್ಷಗಳಿಂದ ಇವರೊಬ್ಬರೇ ಡಾಕ್ಟರು. ದಿನಕ್ಕೆ ಅರವತ್ತು ಎಪ್ಪತ್ತು ಜನ, ಹೆಚ್ಚಿನವರಿಗೆ ಮಲೇರಿಯಾ.

“ಎಲ್ಲರಿಗೂ ಮಲೇರಿಯಾ ಅಂತ ಅಂದೂ ಅಂದೂ, ಮುಂದಿನವನಿಗೂ ಬಾಯಿ ತಾನಾಗೇ ಅದನ್ನೇ ಅನ್ನುತ್ತೆ. ನಾನು ಹೆದರೋದು ಆ ಬಾಯಿಗೆ,” ಎನ್ನುತ್ತಾರೆ.

ಊರಿನಾಚೆ ಬೇಲಿ, ಬೇಲಿಯಾಚೆ ಪ್ರಾಣಿಗಳ ಮೀಸಲು ಕಾಡು. ಅಲ್ಲಿನ ತ್ಸೆತ್ಸೆ ನೊಣ ಕಚ್ಚಿದರೆ ನಿದ್ರಾರೋಗ. ಮೊದಲು ಜ್ವರ, ಆಮೇಲೆ ಮಿದುಳು. ಆದರೆ ಬೇಲಿ ದಾಟಿ ಸಿಕ್ಕಿಬಿದ್ದವರಿಗೆ ಜೈಲು. ಹಾಗಾಗಿ ಯಾರೂ ದಾಟಿದೆವೆನ್ನುವುದಿಲ್ಲ. (ಚಾವುಲಾ ಮತ್ತು ಅವನ ಹೆಂಡತಿಯ ಹೆಸರುಗಳನ್ನು ಅದಕ್ಕೇ ಬದಲಿಸಿದ್ದೇನೆ.)

“ಬೇಲಿ ದಾಟಿದ್ನೇನಮ್ಮಾ?” ಮೂರು ವಾರದ ಹಿಂದೆ ಕೇಳಿದ್ದನ್ನೇ ಡಾಕ್ಟರು ಮತ್ತೆ ಕೇಳುತ್ತಾರೆ.

“ನನ್ ಗಂಡಾನಾ? ಅಂಗಳದ ಕೋಳಿಬೇಲಿ ದಾಟೋಕೂ ನನ್ನ ಮುಖ ನೋಡ್ತಾನೆ!” ಚಾವುಲಾನ ಹೆಂಡತಿ ನ್ಯಾಗೊಂಡ್ವೆ ನಗುತ್ತಾಳೆ. ಕೈ ಮಾತ್ರ ಸೊಂಟಕ್ಕೆ ಸುತ್ತಿದ ಚಿಟೆಂಜೆ ಬಟ್ಟೆಯನ್ನು ಹಿಂಡುತ್ತಿದೆ.

ಡಾಕ್ಟರು ಗಾಜಿನ ಪಟ್ಟಿಯೊಂದನ್ನು ಒರೆಸುತ್ತಾರೆ. ಆಮೇಲೆ, ಏನೂ ಅಲ್ಲವೆಂಬಂತೆ:

“ಈ ಸಲ ಜೇನು ಹೇಗಿತ್ತು?”

“ಕಪ್ಪು ಜೇನು, ಡಾಕ್ಟ್ರೇ! ಗಂಟಲು ಸುಡಬೇಕು, ಅಂಥದ್ದು. ಈ ಕಡೆ ಮರಗಳಲ್ಲಿ ಅದೆಲ್ಲಿ ಸಿಗ್ಬೇಕು…” ಅಲ್ಲಿಗೆ ಆಕೆಯ ಮಾತು ನಿಲ್ಲುತ್ತದೆ. “ಹಿಡ್ಕೊಂಡ್ ಹೋಗ್ತಾರಾ?”

“ಇಲ್ಲಿ ಜೇನಿನ ಮಾತಷ್ಟೇ ಆಗಿದ್ದು, ತಾಯಿ.”

ಚಾವುಲಾನನ್ನು ಮಗ್ಗುಲಾಗಿಸುತ್ತಾರೆ. ಭುಜದ ಹಿಂದೆ, ನೊಣ ಕಚ್ಚಿದ ಕಡೆ, ಮಾಗಿದ ಕಪ್ಪು ಗಂಟು. ಕಿಟಕಿಯಲ್ಲಿ ಬೆಳಕು ಹರಿಯುತ್ತದೆ. ಹಸಿ ರಕ್ತದ ಹನಿಯಲ್ಲಿ ಎಳೆಯಂಥದ್ದೊಂದು ಹೊರಳಾಡುತ್ತಿದೆ: ನಿದ್ರಾರೋಗದ ಪರಾವಲಂಬಿ. ಡಾಕ್ಟರು ಕಣ್ಣು ಮುಚ್ಚಿ, ತೆರೆದು, ಮತ್ತೊಮ್ಮೆ ನೋಡುತ್ತಾರೆ.

ಔಷಧಿ ಮ್ಜುಜು ಪಟ್ಟಣದಿಂದ ಬರಬೇಕು. ಬರುವವರೆಗೂ ಅವರು ಮನೆಗೆ ಹೋಗುವುದಿಲ್ಲ.

ತಿಂಗಳ ಮೇಲೆ ನಾನು ಮತ್ತೆ ಹೋದಾಗ ಚಾವುಲಾ ಆಸ್ಪತ್ರೆಯ ಜಗಲಿಯಲ್ಲಿ ಕೂತಿದ್ದಾನೆ. ಬಲಗೈ ನಡುಗುತ್ತದೆ, ಸಿಮಾ ಮುದ್ದೆಯನ್ನು ನ್ಯಾಗೊಂಡ್ವೆಯೇ ಮುರಿದು ಬಾಯಿಗಿಡುತ್ತಾಳೆ.

“ಇನ್ನು ಇವನ್ಗೆ ಮರ ಹತ್ತೋಕಾಗುತ್ತಾ, ಡಾಕ್ಟ್ರೇ?”

“ನೆಲದ ಮೇಲೇ ಪೆಟ್ಟಿಗೆ ಇಟ್ಟು ಜೇನು ಸಾಕಲಿ ಬಿಡಮ್ಮ. ಬೇಲಿಯ ಈಚೆ.”

ಮೊದಲ ದಿನವೇ ಆಕೆ ನಿಜ ಹೇಳಿದ್ದರೆ ಆ ಕೈ ಉಳಿಯುತ್ತಿತ್ತೆಂದು ಅವರು ಆಕೆಗೆ ಎಂದೂ ಹೇಳಲಿಲ್ಲ.