ಮೆಷಿನ್ ಮೇಲಿನ ಬೆಡ್‌ಶೀಟ್

ಭದ್ರಾವತಿಯ ಓಲ್ಡ್ ಟೌನಿನಲ್ಲಿ ಅಮ್ಮ ಬ್ಲೌಸ್ ಹೊಲಿಯುತ್ತಿದ್ದಳು. ಶನಿವಾರ ದೀಪ ಹಚ್ಚುವ ಹೊತ್ತಾಯಿತೆಂದರೆ ಹೊಲಿಗೆಯನ್ನು ಎಲ್ಲಿದ್ದರೆ ಅಲ್ಲಿಗೆ ನಿಲ್ಲಿಸಿ, ಮೆಷಿನ್ ಮೇಲೆ ಹಳೆಯ ಹೂವಿನ ಬೆಡ್‌ಶೀಟ್ ಹೊದಿಸಿ, “ಸಾಕು ಸ್ವಾಮಿ, ಮಿಕ್ಕಿದ್ದು ನಿಂದು” ಎಂದು ಕಣ್ಣು ಮುಚ್ಚುತ್ತಿದ್ದಳು. ಅದನ್ನು ತೆಗೆಯುತ್ತಿದ್ದುದು ಸೋಮವಾರವೇ. ಭಾನುವಾರ ಚರ್ಚು, ಹಿಂದಿನ ದಿನವೇ ಮಾಡಿಟ್ಟ ಸಾರು, ಊಟವಾದ ಮೇಲೆ ಚಾಪೆ ಹಾಸಿ ಮನೆಮಂದಿಯೆಲ್ಲ ಮಲಗುವುದು. ಆರು ದಿನ ದುಡಿದವರಿಗೆ ದೇವರು ಕೊಟ್ಟ ಈ ವಿಶ್ರಾಂತಿಯ ದಿನವನ್ನು ಪಾದ್ರಿಗಳು ಸಬ್ಬತ್ ಎನ್ನುತ್ತಿದ್ದರು. ಗೌರಿ ಹಬ್ಬ ಹತ್ತಿರ ಬಂದಾಗ ಪಕ್ಕದ ಮನೆಯವರು ಭಾನುವಾರ ಎಷ್ಟು ಗೋಗರೆದರೂ ಅಮ್ಮ ಜಗ್ಗುತ್ತಿರಲಿಲ್ಲ. “ಮೆಷಿನ್ ಮಲಗಿದೆ ಕಣಮ್ಮ, ಎಬ್ಬಿಸೋ ಹಾಗಿಲ್ಲ” ಎಂದು ಕಾಫಿ ಕೊಟ್ಟು ಕಳಿಸುತ್ತಿದ್ದಳು.

ಹೋದ ವರ್ಷ ಅಮ್ಮನಿಗೆ ಲಕ್ವ ಹೊಡೆದು ಎಡಗೈ, ಎಡಗಾಲು ಸೋತವು. ಶಿವಮೊಗ್ಗದ ನನ್ನ ಮನೆಗೆ ಕರೆತಂದೆ. ಮೆಷಿನ್ನೂ ಹಿಂದೆಯೇ ಬಂತು. ಶಂಕರಘಟ್ಟದ ಯೂನಿವರ್ಸಿಟಿ ಆಫೀಸಿಗೆ ದಿನಾ ಬಸ್ಸಿನಲ್ಲಿ ಜೋತುಬಿದ್ದು ಹೋಗಿಬರುವ ನನಗೆ ಭಾನುವಾರವೆಂದರೆ ಪ್ರಾಣ. ಅಮ್ಮನಿಗೆ ವಾರವಿಡೀ ವಿಶ್ರಾಂತಿ ಸಿಗಲಿ ಎಂದು ಒಂದು ಬೆಳ್ಳುಳ್ಳಿ ಸುಲಿಯಲೂ ಬಿಡುತ್ತಿರಲಿಲ್ಲ. ನನ್ನ ಬಾಯಿಯೋ, ಕೇಳುವುದೇ ಬೇಡ. “ಸುಮ್ನೆ ಕೂತ್ಕೋಮ್ಮ, ಇಷ್ಟು ವರ್ಷ ದುಡಿದಿದ್ದು ಸಾಲದಾ?” ಎಂದು ರೇಗುತ್ತಿದ್ದೆ.

ಒಂದು ಭಾನುವಾರ ಚರ್ಚಿಗೆ ಹೋಗಲು ಆಟೋ ಬಂದು ನಿಂತರೂ ಅಮ್ಮ ಹಾಸಿಗೆ ಬಿಟ್ಟು ಏಳಲಿಲ್ಲ.

“ನೀನು ಹೋಗ್ಬಾ ಕಣೇ. ನಾನು ಬರಲ್ಲ.”

“ಯಾಕೆ, ಜ್ವರಾನಾ?”

“ಜ್ವರಾನೂ ಇಲ್ಲ, ಏನೂ ಇಲ್ಲ. ಆರು ದಿನ ದುಡಿದೋರಿಗೆ ಏಳನೇ ದಿನ. ನನಗೆ ದಿನಾ ಭಾನುವಾರ ಮಾಡಿಟ್ಟಿದ್ದೀಯಲ್ಲ, ಇವತ್ತೇನು ವಿಶೇಷ?” ಎಂದು ಮೆಷಿನ್ ಕಡೆ ಕೈ ತೋರಿಸಿದಳು. ಅದು ಬಂದ ದಿನದಿಂದ ಬೆಡ್‌ಶೀಟ್ ಹೊದ್ದೇ ಕೂತಿತ್ತು. “ಅದರ ಗತೀನೇ ನಂದೂನು” ಎಂದವಳು ಅತ್ತುಬಿಟ್ಟಳು.

ಅಯ್ಯೋ ದೇವರೇ! ಮಳೆಗೂ ಜ್ವರಕ್ಕೂ ಚರ್ಚು ತಪ್ಪಿಸಿದವಳಲ್ಲ ಅವಳು. ಆಟೋದವನನ್ನು ಕಳಿಸಿ ಅವಳ ಪಕ್ಕದಲ್ಲೇ ಮಲಗಿಕೊಂಡೆ.

ಸೋಮವಾರ ಬೆಳಿಗ್ಗೆ ಬಸ್ಸಿಗೆ ಹೊತ್ತಾಗಿದ್ದರೂ ಬೆಡ್‌ಶೀಟ್ ತೆಗೆದು, ಮೆಷಿನ್ನಿಗೆ ಎಣ್ಣೆ ಬಿಟ್ಟು, ದಾರ ಪೋಣಿಸಿ, ಹಳೆಯ ಕಾಟನ್ ಸೀರೆಯೊಂದನ್ನು ಕತ್ತರಿಸಿ ಮುಂದಿಟ್ಟೆ.

“ದಿಂಬಿನ ಕವರ್ ಬೇಕು. ಅಂಗಡೀದು ನಂಗಾಗಲ್ಲ.”

“ಒಂದೇ ಕಾಲಲ್ಲಿ ತುಳೀಲಾ?”

“ಮತ್ತೆ, ನಾನು ರಜ ಹಾಕಿ ತುಳೀಲಾ?”

ಅಮ್ಮ ಹುಬ್ಬು ಗಂಟಿಕ್ಕಿ ನೋಡಿದಳು. ಆದರೆ ಕುರ್ಚಿಯನ್ನು ಹತ್ತಿರಕ್ಕೆ ಎಳೆಸಿಕೊಂಡಳು.

ಆ ವಾರವೆಲ್ಲ ಬಲಗಾಲಿನಲ್ಲೇ ತುಳಿದಳು. ಹೊಲಿಗೆ ಸೊಟ್ಟಗೆ ಹೋಯಿತು. ನನ್ನಿಂದ ಬಿಚ್ಚಿಸಿ ಮತ್ತೆ ಹೊಲಿದಳು, ದಾರವನ್ನು ಬೈದಳು, ನನ್ನನ್ನೂ ಬೈದಳು. ಮನೆಗೆ ಮತ್ತೆ ಮನೆಯ ಕಳೆ ಬಂದಿತ್ತು.

ಶನಿವಾರ ಸಂಜೆ ನಾನು ಬಂದಾಗ ಒಂದು ಕವರಿನ ಅಂಚು ನಾಲ್ಕು ಬೆರಳಿನಷ್ಟು ಬಾಕಿಯಿತ್ತು. ಬೀದಿ ದೀಪ ಹತ್ತಿತು. ಅಮ್ಮ ತುಳಿಯುವುದನ್ನು ನಿಲ್ಲಿಸಿದಳು.

“ಇಷ್ಟೇ ಅಲ್ವೇನಮ್ಮ, ಮುಗಿಸಿಬಿಡು.”

“ಸೋಮವಾರಕ್ಕಿರ್ಲಿ ಮಾರಾಯ್ತಿ. ಬೆಡ್‌ಶೀಟ್ ಹಿಡ್ಕೋ.”

ಒಂದು ತುದಿ ನಾನು ಹಿಡಿದೆ, ಇನ್ನೊಂದು ಅವಳು. ಹೊದಿಸಿದ ಮೇಲೆ ಅಮ್ಮ ಕಣ್ಣು ಮುಚ್ಚಿ, “ಸಾಕು ಸ್ವಾಮಿ, ಮಿಕ್ಕಿದ್ದು ನಿಂದು” ಎಂದಳು. ಆಮೇಲೆ ಕುರ್ಚಿಗೆ ಒರಗಿ, ಮುಖವೆಲ್ಲ ಅರಳಿಸಿಕೊಂಡು ನನ್ನನ್ನು ನೋಡಿದಳು.

“ಅಬ್ಬಾ, ಎಷ್ಟು ಸುಸ್ತಾಗಿದೆ ಕಣೇ! ಆಟೋದವನಿಗೆ ಫೋನ್ ಮಾಡು, ನಾಳೆ ಬೇಗ ಬರ್ಲಿ.”